ಸದ್ದು ಮಾಡದ ಬೆಲ್ಟು

ನಮ್ಮ ಮನೆಯಲ್ಲಿ ಕಾರಿನ ಸ್ಟೇರಿಂಗ್ ಹಿಡಿಯುವವಳು ನಾನೊಬ್ಬಳೇ. ಗಂಡನಿಗೆ ಬೈಕೇ ಸಾಕು, ಅತ್ತೆಗೆ ಹಿಂದಿನ ಸೀಟೇ ಸಾಕು. ಕಾರಿನ ವಿಷಯದಲ್ಲಿ ನನ್ನ ಮಾತೇ ಕೊನೆ ಎಂದುಕೊಂಡಿದ್ದೆ. ನಾದಿನಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮೇಲೆ ಮನೆಯವರೆಲ್ಲ ಆ ಮಾತಿಗೇ ತಿರುಗಿಬಿದ್ದರು.

ನಮ್ಮದು ಕವಲೇದುರ್ಗದ ಬುಡದ ಊರು. ಆಸ್ಪತ್ರೆ ತೀರ್ಥಹಳ್ಳಿಯಲ್ಲಿ. ನಡುವೆ ಕಾಡಿನ ರಸ್ತೆ, ಅಲ್ಲಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ. "ನೋವು ಶುರುವಾದ ಕೂಡ್ಲೇ ಹೇಳು, ಆಸ್ಪತ್ರೆ ಮುಟ್ಸೋದು ನನ್ನ ಜವಾಬ್ದಾರಿ" ಎಂದು ನಾದಿನಿಗೆ ಮಾತು ಕೊಟ್ಟೆ. ಕೊಟ್ಟ ಮೇಲೆ ತಲೆ ಹೊಕ್ಕಿದ್ದು ಟೈಮಿಂಗ್ ಬೆಲ್ಟು.

ಎಂಜಿನ್ನಿನ ಮೇಲಿನ ಭಾಗವೂ ಕೆಳಗಿನ ಭಾಗವೂ ಹೆಜ್ಜೆ ತಪ್ಪದೆ ತಿರುಗುವಂತೆ ಹಿಡಿದಿಡುವ, ಹಲ್ಲುಗಳಿರುವ ರಬ್ಬರ್ ಪಟ್ಟಿ ಅದು. ಹರಿದರೆ ಒಳಗಿನ ಭಾಗಗಳು ಒಂದಕ್ಕೊಂದು ಬಡಿದು ಎಂಜಿನ್ನೇ ಹಾಳು. ಗಾಡಿ ಇದ್ದಲ್ಲೇ ನಿಂತುಬಿಡುತ್ತದೆ. ಬ್ರೇಕ್ ಸವೆದರೆ ಕಿರುಚುತ್ತದೆ, ಬ್ಯಾಟರಿ ಸೋತರೆ ಗೊಣಗುತ್ತದೆ. ಇದು ಹೆಚ್ಚಿನ ಸಲ ಹೇಳದೆ ಕೇಳದೆ ಹರಿಯುತ್ತದೆ. ಅದಕ್ಕೇ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಆಗ ಬದಲಿಸಬೇಕು. ನಮ್ಮ ಕಾರು ಓಡಿದ್ದು ಮದುವೆ ಮುಂಜಿಗೆ, ವರ್ಷಕ್ಕೊಮ್ಮೆ ಸಿಗಂದೂರಿಗೆ, ನೆಂಟರನ್ನು ರೈಲು ಹತ್ತಿಸಲು ತಾಳಗುಪ್ಪಕ್ಕೆ. ಕಿಲೋಮೀಟರ್ ಅರ್ಧವೂ ಆಗಿರಲಿಲ್ಲ. ವರ್ಷ ಮಾತ್ರ ಮುಗಿದಿತ್ತು. ಶೆಡ್ಡಿನಲ್ಲಿ ನಿಂತ ಮಾತ್ರಕ್ಕೆ ರಬ್ಬರಿಗೆ ವಯಸ್ಸಾಗದೆ ಇರುತ್ತದೆಯೇ?

"ಚಂದ ಓಡ್ತಿರೋ ಗಾಡೀನ ಯಾರಾದ್ರೂ ಬಿಚ್ಚಿಸ್ತಾರಾ?" ಎಂದು ಗಂಡ ನಕ್ಕರು.

ಅತ್ತೆ ನಗಲಿಲ್ಲ. "ಎಂತ ಹುಚ್ಚು ಮಾರಾಯ್ತಿ ನಿಂದು? ಹುಡುಗಿ ದಿನ ತುಂಬಿ ಕೂತಿದಾಳೆ. ನಾಳೆನೇ ನೋವು ಬಂದ್ರೆ ಹೊತ್ಕೊಂಡ್ ಹೋಗ್ತೀಯಾ?"

ಪ್ರಶ್ನೆ ಸರಿಯಾಗೇ ಇತ್ತು. ಆದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕೆಳಗಿನ ಮನೆಯ ಜೀಪಿನವರಿಗೆ ಎರಡು ದಿನ ಎಲ್ಲಿಗೂ ಹೋಗಬೇಡಿ ಎಂದು ಹೇಳಿಟ್ಟು, ಹೊಸನಗರದ ಮೇಲೆ ಸಾಗರಕ್ಕೆ ಹೊರಟೇಬಿಟ್ಟೆ. ಸಾಗರ ನನ್ನ ತವರು. ಅಲ್ಲಿನ ಮೆಕ್ಯಾನಿಕ್ ಹಳೆಯ ಪರಿಚಯ. ವಿಷಯ ಕೇಳಿ ಅವನೂ, "ಎಂಜಿನ್ ಸೌಂಡ್ ಚೆನ್ನಾಗೇ ಇದೆಯಲ್ಲಕ್ಕಾ, ಹೆರಿಗೆ ಮುಗಿಸ್ಕೊಂಡೇ ಬನ್ನಿ" ಎಂದ.

"ಹೆರಿಗೆಗೇ ಬೇಕಾಗಿರೋದು ಮಾರಾಯ. ಇವತ್ತೇ ಬಿಚ್ಚು. ವಾಟರ್ ಪಂಪೂ ಬದಲಿಸಿಬಿಡು, ಅದಕ್ಕಂತ ಮತ್ತೆ ಬಿಚ್ಚೋದು ಬೇಡ" ಎಂದು ಕೀಲಿ ಕೊಟ್ಟು ಬಸ್ಸಿನಲ್ಲಿ ವಾಪಸಾದೆ.

ಆ ಎರಡು ದಿನ ಅತ್ತೆ ನನ್ನೊಡನೆ ಮಾತು ಬಿಟ್ಟರು. ನಾದಿನಿ ಸೊಂಟ ಹಿಡಿದು ಎದ್ದಾಗಲೆಲ್ಲ ಜೀಪು ಅಲ್ಲೇ ಇದೆಯೇ ಎಂದು ಕೆಳಗಿನ ಮನೆಯತ್ತ ಇಣುಕುತ್ತಿದ್ದೆ. ಕಾರು ತಂದ ದಿನ ಹಳೆಯ ಬೆಲ್ಟನ್ನೂ ತಂದು ಜಗಲಿಯ ಮೇಲಿಟ್ಟೆ. ನೋಡುವುದಕ್ಕೆ ಅದಕ್ಕೇನೂ ಆಗಿರಲಿಲ್ಲ.

"ಇನ್ನೂ ಗಟ್ಟಿ ಇದೆಯಲ್ಲೇ!" ಎಂದು ಗಂಡ ಮತ್ತೆ ನಕ್ಕರು. ಹರಿಯದೆ ಉಳಿದ ಬೆಲ್ಟು ಮುಂದೆ ಹರಿಯುತ್ತಿತ್ತೆಂದು ಯಾರಿಗೆ ಹೇಗೆ ತೋರಿಸುವುದು? ಬೆಲ್ಟನ್ನು ಎತ್ತಿ ಶೆಡ್ಡಿನ ಮೊಳೆಗೆ ನೇತುಹಾಕಿದೆ. ಸೋತೆ ಎಂದು ಮಾತ್ರ ಅನ್ನಿಸಲಿಲ್ಲ.

ಮುಂದಿನ ವಾರ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ನೋವು ಬಂತು. ಹಿಂದಿನ ಸೀಟಿನಲ್ಲಿ ನಾದಿನಿ, ಅವಳ ಕೈ ಹಿಡಿದು ಅತ್ತೆ. ಕಾಡಿನ ಏರು ಮುಟ್ಟುವ ಹೊತ್ತಿಗೆ ಸಿಗ್ನಲ್ ಹೋಯಿತು. ಹಿಂದೆ ಮುಂದೆ ಒಂದು ಗಾಡಿಯಿಲ್ಲ. ನಾದಿನಿ ಜೋರಾಗಿ ನರಳಿದಳು. ಬೆಲ್ಟಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದ ಅತ್ತೆ ಮುಂದಕ್ಕೆ ಬಾಗಿ, ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

"ಆ ಬೆಲ್ಟು... ಹೊಸದೇ ಹಾಕ್ಸಿದೀಯಲ್ಲಾ?"

"ಹೊಸದೇ ಅತ್ತೆ."

"ಹಂಗಾದ್ರೆ ಎಂತ ಹೆದರಿಕೆ? ಒತ್ತು ಇನ್ನೊಂಚೂರು."

ಒತ್ತಿದೆ. ಸಂಜೆಯೊಳಗೆ ನಾದಿನಿಗೆ ಹೆಣ್ಣು ಮಗುವಾಯಿತು. ಆ ಮಗುವನ್ನು ಎತ್ತಿಕೊಂಡಾಗಲೂ ನಾನು ಅಷ್ಟು ಬೀಗಲಿಲ್ಲ, ಆ ಏರಿನಲ್ಲಿ ಅತ್ತೆಯ ಕೈ ಹೆಗಲ ಮೇಲಿರುವಾಗಲೇ ಗೇರ್ ಬದಲಿಸುತ್ತಾ ಬೀಗಿದಷ್ಟು.