ತೂತಿನ ಮಾವಿನೆಲೆ

ಬಾಗಿಲನ್ನು ಸದ್ದಿಲ್ಲದೆ ಹಾಕುವ ವಿದ್ಯೆಯನ್ನು ನಾನು ಕಲಿತದ್ದು ನಲವತ್ತು ದಾಟಿದ ಮೇಲೆ. ಹಿಡಿಯ ಮೇಲಿಟ್ಟ ಕೈಯನ್ನು ಬಾಗಿಲು ಚೌಕಟ್ಟು ಮುಟ್ಟುವವರೆಗೂ ಬಿಡಬಾರದು. ಆಮೇಲೆ ಮಲಗಿದ ಮಗುವಿಗೆ ಹೊದಿಕೆ ಎಳೆಯುವಷ್ಟು ಮೆಲ್ಲಗೆ ಚಿಲಕ ಸರಿಸಬೇಕು. ಎದುರು ಮನೆಯ ಮಾಮಿ ಒಂದು ದಿನ ಇದನ್ನು ನೋಡಿ, ಸ್ವಂತ ಮನೆಗೆ ಯಾಕೆ ಸಾರ್ ಕಳ್ಳನ ಹಾಗೆ ನುಗ್ಗುತ್ತೀರಿ ಎಂದು ತಮಿಳಿನಲ್ಲಿ ಕೇಳಿದರು. ತೋರಣ ಉದುರುತ್ತದೆ ಎಂದೆ. ಅವರು ತಲೆಯೆತ್ತಿ ನೋಡಿದರು. ತಮ್ಮ ಬಾಗಿಲನ್ನೂ ಮೆಲ್ಲಗೆ ಹಾಕಿಕೊಂಡರು.

ಅದು ಹಿಂದಿನ ಯುಗಾದಿಯ ತೋರಣ. ಕಟ್ಟಿದವಳು ನನ್ನ ಹೆಂಡತಿ ವಸುಧಾ. ಹಬ್ಬ ಮುಗಿಯಿತೆಂದು ನಮ್ಮಲ್ಲಿ ತೋರಣ ಬಿಚ್ಚುವುದಿಲ್ಲ. ಇನ್ನೊಂದು ಹಬ್ಬ ಬಂದು ಹೊಸದು ಕಟ್ಟುವವರೆಗೆ ಅದು ಹಾಗೆಯೇ ಇರುತ್ತದೆ. ಗೌರಿ ಹಬ್ಬಕ್ಕೆ ಹೊಸದು ಬರಬೇಕಾಗಿತ್ತು. ಆಷಾಢದಲ್ಲಿ ಜ್ವರವೆಂದು ಕೀಲ್ಪಾಕಿನ ಆಸ್ಪತ್ರೆಗೆ ಹೋದ ವಸುಧಾ ಮನೆಗೆ ಬರಲಿಲ್ಲ. ಸಾವಾದ ಮನೆಗೆ ಒಂದು ವರ್ಷ ಹಬ್ಬವಿಲ್ಲ. ಹೀಗಾಗಿ ಹಳೆಯ ತೋರಣ ಉಳಿಯಿತು. ಹಸಿರು ಹೋಗಿ ಎಲೆಗಳಿಗೆ ಕಾಫಿಪುಡಿಯ ಬಣ್ಣ ಬಂತು. ಮೈಸೂರಿನಿಂದ ಬಂದು ನಮ್ಮ ಸಂಸಾರ ನೋಡಿಕೊಳ್ಳುತ್ತಿದ್ದ ನನ್ನ ಅಕ್ಕ ಅದನ್ನು ಕಿತ್ತುಹಾಕೋಣ ಎಂದಳು. ಇರಲಿ ಎಂದೆ. ಪಾತ್ರೆಗಳನ್ನು ತೊಳೆದಿದ್ದೆವು, ಸೀರೆಗಳನ್ನು ಮತ್ತೆ ಮಡಿಸಿದ್ದೆವು. ವಸುಧಾ ಮುಟ್ಟಿದ ಮೇಲೆ ಇನ್ನಾರೂ ಮುಟ್ಟದೆ ಉಳಿದದ್ದು ಅದೊಂದೇ.

ಮಾವಿನೆಲೆಯೇ ಏಕೆ ಎನ್ನುವುದಕ್ಕೆ ಬೇಕಾದಷ್ಟು ವಿವರಣೆಗಳಿವೆ. ಶಾಸ್ತ್ರ ಬಲ್ಲವರು ಲಕ್ಷ್ಮಿಯ ವಿಷಯ ಹೇಳುತ್ತಾರೆ. ವಿಜ್ಞಾನ ಓದಿದವರು, ಕಿತ್ತ ಮೇಲೂ ಎಲೆ ಗಾಳಿಯನ್ನು ಶುದ್ಧಮಾಡುತ್ತದೆ ಎನ್ನುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಎರಡೂ ಸಾಲ ಕೊಡುವಷ್ಟು ಭದ್ರವಾಗಿ ಕಂಡಿಲ್ಲ. ಒಮ್ಮೆ ಸೌಕಾರ್‌ಪೇಟೆಗೆ ಹೋದವನು ಜಾಣತನ ಮಾಡಿ ಪ್ಲಾಸ್ಟಿಕ್ ತೋರಣ ತಂದಿದ್ದೆ. ವಸುಧಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಒಣಗದೆ ಇದ್ರೆ ಹಬ್ಬ ಮುಗೀತು ಅಂತ ಇದಕ್ಕೆ ಹೇಗ್ರೀ ಗೊತ್ತಾಗ್ಬೇಕು?" ಎಂದು ಕೇಳಿ ಅಟ್ಟಕ್ಕೆ ಹಾಕಿದಳು.

ಅಂದಿನಿಂದ ನನಗೆ ಉಳಿದದ್ದು ಎಲೆ ತರುವ ಕೆಲಸ. ನಾವಿರುವ ಅಣ್ಣಾ ನಗರದಲ್ಲಿ ಮಾವಿನ ಮರಗಳಿರುವುದು ಕಾಂಪೌಂಡಿನ ಒಳಗೆ. ಕೆಲವು ಕೊಂಬೆಗಳು ಮಾತ್ರ ಧಾರಾಳವಾಗಿ ರಸ್ತೆಗೆ ಬಾಗಿರುತ್ತವೆ. ನಾನು ಕೈಗೆ ಎಟುಕಿದ್ದನ್ನು ತರುವವನು. ನನಗೆ ಎಟುಕಿದ್ದು ಹುಳುಗಳಿಗೆ ಮೊದಲೇ ಎಟುಕಿರುತ್ತಿತ್ತು. ಅವಳು ನೆಲದ ಮೇಲೆ ಕೂತು ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ಆರಿಸುತ್ತಿದ್ದಳು. ತೂತಿರುವ ಎಲೆ ಕಟ್ಟಿದರೆ ಹಬ್ಬ ಸೋರಿಹೋಗುತ್ತದೆ ಎನ್ನುವುದು ಅವಳ ಸ್ವಂತ ಶಾಸ್ತ್ರ. ಆರಿಸಿದ್ದನ್ನು ದಾರದ ಮೇಲೆ ಮಡಿಸಿ, ಹೊಸ ಪೊರಕೆಯ ಕಡ್ಡಿ ಮುರಿದು ಚುಚ್ಚುತ್ತಿದ್ದಳು. ನಾನು ಅಷ್ಟು ಹೊತ್ತಿಗೆ ಪೇಪರು ಓದುತ್ತಿರುತ್ತಿದ್ದೆ.

ಅವಳು ಹೋದ ಮೇಲೆ ಒಂದು ಸಂಜೆ ಬೀಗ ತೆಗೆಯುತ್ತ ತಲೆಯೆತ್ತಿದಾಗ ಕಂಡಿತು: ತೋರಣದ ತುದಿಯ ಒಂದು ಎಲೆಯಲ್ಲಿ ಬಟಾಣಿ ಗಾತ್ರದ ತೂತು. ನನಗೆ ಶಕುನಗಳಲ್ಲಿ ನಂಬಿಕೆಯಿಲ್ಲ. ಆದರೂ ಅವಳ ಕಣ್ಣು ಆ ಒಂದು ಸಲ ಹೇಗೆ ತಪ್ಪಿತು, ಎಲ್ಲವೂ ಅಲ್ಲಿಂದಲೇ ಸೋರಿತೇ ಎಂಬ ಯೋಚನೆ ಹತ್ತಿಕೊಂಡಿತು. ಪ್ರತಿ ಸಂಜೆ ಬಾಗಿಲಲ್ಲಿ ನಿಂತು ಆ ತೂತನ್ನು ನೋಡಿಯೇ ಒಳಗೆ ಹೋಗುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೇಳಿ ನಗುತ್ತಿದ್ದವಳು ಅವಳೊಬ್ಬಳೇ.

ಈ ಸಲದ ಯುಗಾದಿಯ ಹಿಂದಿನ ಸಂಜೆ ಮನೆಗೆ ಬಂದಾಗ ಚೌಕಟ್ಟು ಬರಿದಾಗಿತ್ತು. ಎರಡು ಮೊಳೆಗಳಿದ್ದವು. ಒಳಗೆ ನೆಲದ ಮೇಲೆ ಹಸಿರು ಕಾಗದ, ಕತ್ತರಿ, ಪೆನ್ಸಿಲು. ನಡುವೆ ಹತ್ತು ವರ್ಷದ ನನ್ನ ಮಗಳು ರಮ್ಯಾ. ಅವಳ ಸುತ್ತ ಎಲೆಯ ಪುಡಿ. ನೀರಿನ ಲಾರಿ ಬಂತೆಂದು ಅಕ್ಕ ಕೊಡ ಹಿಡಿದು ಕೆಳಗೆ ಹೋದಾಗ ರಮ್ಯಾ ಸ್ಟೂಲು ಹತ್ತಿ ತೋರಣ ಬಿಚ್ಚಿದ್ದಳು. ಕಾಗದದ ತೋರಣ ಮಾಡಲು ಅವಳಿಗೆ ಅಳತೆ ಬೇಕಿತ್ತು. ಒಂದೊಂದು ಎಲೆಯನ್ನೂ ಕಾಗದದ ಮೇಲೆ ಒತ್ತಿಹಿಡಿದು ಸುತ್ತ ಪೆನ್ಸಿಲಿನ ಗೆರೆ ಎಳೆದಿದ್ದಳು. ಗೆರೆ ಮುಗಿಯುವ ಹೊತ್ತಿಗೆ ಬೆರಳ ಕೆಳಗಿನ ಎಲೆ ಪುಡಿಯಾಗಿತ್ತು. ಒಂದೂ ಉಳಿದಿರಲಿಲ್ಲ.

ನನ್ನ ಹಿಂದೆ ಬಾಗಿಲು ದಡಾರನೆ ಹಾಕಿಕೊಂಡಿತು. ಇನ್ನು ಉದುರುವುದು ಏನೂ ಇರಲಿಲ್ಲ.

"ವರ್ಷ ತುಂಬೋ ತನಕ ಕಟ್ಟಬಾರದು ಅಂತ ಎಷ್ಟು ಸಲ ಹೇಳಿದೀನಿ ಕಣೇ" ಎಂದಳು ಅಡಿಗೆಮನೆಯಿಂದ ಬಂದ ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ.

"ಮಾವಿಲೈ ತಾನೇ ಕೂಡಾದು, ಅತ್ತೆ? ಇದು ಪೇಪರ್." ಮಾವಿನೆಲೆ ತಾನೇ ಕಟ್ಟಬಾರದು ಎಂದು ರಮ್ಯಾ ತಮಿಳಿನಲ್ಲಿ ವಾದ ಹೂಡಿದಳು.

ನಾನು ನೆಲದ ಮೇಲೆ ಕೂತು ಕಾಗದದ ಎಲೆಗಳನ್ನು ಒಂದೊಂದಾಗಿ ನೋಡಿದೆ. ಮುರಿದ ತುದಿ, ಸೊಟ್ಟ ಅಂಚು, ಎಲ್ಲವನ್ನೂ ಇದ್ದ ಹಾಗೆಯೇ ಕತ್ತರಿಸಿದ್ದಳು. ಒಂದರಲ್ಲಿ ತೂತು ಕೂಡ ಇತ್ತು, ಕತ್ತರಿಯ ಮೊನೆಯಿಂದ ಜೋಪಾನವಾಗಿ ಕೊರೆದದ್ದು. ಇದನ್ನೇಕೆ ಮಾಡಿದೆ, ಅಮ್ಮ ನೋಡದೆ ಕಟ್ಟಿದ ಎಲೆ ಅದು ಎಂದೆ.

"ನೋಡೇ ಕಟ್ಟಿದ್ದು ಅಪ್ಪಾ. ನಾನು ಎಸೀಲಾ ಅಂತ ಕೇಳ್ದೆ. ಅಪ್ಪ ಬಿಸಿಲಲ್ಲಿ ಹೋಗಿ ತಂದಿದಾರೆ, ತೂತಿಂದು ಒಂದಾದ್ರೂ ಇರ್ಲಿ ಅಂದ್ಳು." ಕತ್ತರಿ ಎತ್ತಿಕೊಳ್ಳುತ್ತ ಹೇಳಿದಳು: "ಎಲ್ಲಾ ವರ್ಷಾನೂ ಒಂದು ಕಟ್ಟೋಳು. ನೀನೇ ನೋಡ್ತಿರ್ಲಿಲ್ಲ."

ಅಕ್ಕ ಎಲೆಯ ಪುಡಿಯನ್ನು ಬಳಿದು ತುಳಸಿಯ ಕುಂಡಕ್ಕೆ ಹಾಕಿದಳು. ಹೊರಬಾಗಿಲಿಗೆ ಬೇಡ, ಬೇಕಾದರೆ ಅಡಿಗೆಮನೆಯ ಬಾಗಿಲಿಗೆ ಕಟ್ಟಿಕೊಳ್ಳಲಿ ಎಂದಳು. ರಮ್ಯಾ ದಾರ ಹಿಡಿದಳು, ನಾನು ಕಡ್ಡಿ ಚುಚ್ಚಿದೆ. ಕಾಗದ ಹರಿಯದ ಹಾಗೆ ಚುಚ್ಚುವುದನ್ನು ಅವಳೇ ತೋರಿಸಿಕೊಟ್ಟಳು.

ಸೋರಿಹೋಯಿತೆಂಬ ಭಯ ಹೋಯಿತು. ಹೋದದ್ದು ಭಯ ಮಾತ್ರ. ಕಾಗದದ ಎಲೆ ಒಣಗುವುದಿಲ್ಲ. ಹಬ್ಬ ಮುಗಿದದ್ದು ಅದಕ್ಕೆ ಗೊತ್ತಾಗುವುದಿಲ್ಲ, ಬರಲೇ ಇಲ್ಲವೆನ್ನುವುದೂ ಗೊತ್ತಾಗುವುದಿಲ್ಲ. ವರ್ಷ ತುಂಬಿ ಗೌರಿ ಹಬ್ಬ ಬಂದಾಗ ನಿಜವಾದ ಎಲೆ ತರಬೇಕಾದವನು ನಾನೇ. ಬೆಳಕಿಗೆ ಹಿಡಿದು ಆರಿಸುವವರಿಲ್ಲ. ಆದರೆ ತೂತಿನದೊಂದು ಸಿಕ್ಕೇ ಸಿಗುತ್ತದೆ. ಅಣ್ಣಾ ನಗರದ ಹುಳುಗಳು ಈವರೆಗೆ ನನ್ನ ಕೈಬಿಟ್ಟಿಲ್ಲ.