ವಿಮಾನಕ್ಕೆ ತೂತು ಹೊಡೆದ ಪಾಗೆಲ್

ಆಲ್ವಿನ್ ಪಾಗೆಲ್‌ನ ಶವಪೆಟ್ಟಿಗೆಯ ಮುಂದೆ ಪಾದ್ರಿ ಆಡಿದ್ದು ಮೂರೇ ಮಾತು: ದೋಣಿ ನಡೆಸಿದ, ಮಿತಭಾಷಿ, ಮಕ್ಕಳಿರಲಿಲ್ಲ. ಬರ್ಲಿನ್ನಿನ ಅಡುಗೆಗೆ ಉಪ್ಪು ತಂದುಕೊಟ್ಟವನಿಗೆ ಇಷ್ಟೇನಾ? ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ರಷ್ಯನ್ನರು ಬರ್ಲಿನ್ನಿನ ನಮ್ಮ ಭಾಗಕ್ಕೆ ಬರುವ ರಸ್ತೆ, ರೈಲು, ಕಾಲುವೆ ಎಲ್ಲ ಮುಚ್ಚಿದರು. ಹಿಟ್ಟು, ಕಲ್ಲಿದ್ದಲು ಆಕಾಶದಿಂದಲೇ ಇಳಿಯಬೇಕಾಯಿತು. ಉಪ್ಪು ಮಾತ್ರ ಮಾಮೂಲಿ ವಿಮಾನದ ಲೋಹವನ್ನು ತಿಂದುಹಾಕುತ್ತಿತ್ತು. ಅದನ್ನು ಸಮುದ್ರಕ್ಕೆಂದೇ ಕಟ್ಟಿದ ಇಂಗ್ಲಿಷರ ವಿಮಾನಗಳು ತಂದು ನಮ್ಮ ಹಾವೆಲ್ ನದಿಯ ನೀರಿಗೇ ಇಳಿಯುತ್ತಿದ್ದವು. ಆಲ್ವಿನ್ ಮಾಮನ ದೋಣಿ ಪಕ್ಕಕ್ಕೆ ಹೋಗಿ ಮೂಟೆ ಇಳಿಸಿಕೊಳ್ಳುತ್ತಿತ್ತು. ನಾನು ಅವನ ಆಳು.

ನಮಗೆ ಕೂಲಿಗಿಂತ ದೊಡ್ಡದು ಕೆಲಸದ ಜಾಗದಲ್ಲಿ ಕೊಡುತ್ತಿದ್ದ ಮಧ್ಯಾಹ್ನದ ಬಿಸಿ ಊಟ. ನನ್ನ ಹೆಂಡತಿ ಟ್ರೌಟೆ ಏಳು ತಿಂಗಳ ಬಸುರಿ. ನನ್ನ ಪಾಲಿನ ಬಟಾಣಿ ಸಾರನ್ನು ಡಬ್ಬಿಗೆ ಸುರಿದು ಅವಳಿಗೆ ಒಯ್ಯುತ್ತಿದ್ದೆ.

"ಮೀಸೆಗೆ ಒಂಚೂರು ಸವರ್ಕೊಂಡು ಹೋಗೋ. ಉಂಡಿದೀಯ ಅಂತ ನಂಬ್ತಾಳೆ," ಎಂದು ಮಾಮ ಅಣಕಿಸುತ್ತಿದ್ದ.

ನವೆಂಬರಿನ ಒಂದು ಬೆಳಿಗ್ಗೆ ಗಾಳಿಗೆ ನಮ್ಮ ದೋಣಿ ವಿಮಾನದ ಹೊಟ್ಟೆಯತ್ತ ನುಗ್ಗಿತು. ಎದುರಿಗೆ ಏನೇ ಬಂದರೂ ಕಬ್ಬಿಣದ ಮೊನೆಯ ಜಲ್ಲೆ ಒತ್ತಿ ತಳ್ಳುವುದು ದೋಣಿಗಾರನ ಕೈಯ ಅಭ್ಯಾಸ. ನಾನೂ ಒತ್ತಿದೆ. ತೆಳು ತಗಡು, ಮೊನೆ ಒಳಗೇ ಹೋಯಿತು.

ದಡದಿಂದ ಮೇಸ್ತ್ರಿ ಕೂಗಿದ: "ಯಾವ ಕತ್ತೆನೋ ಅದು, ತೂತು ಹೊಡೆದಿದ್ದು?"

"ಯಾರಿಗೋ ಕತ್ತೆ ಅಂತೀಯ?" ಎಂದು ನಾನು ಎದ್ದೆ. ಮಾಮ ನನ್ನ ಕೈಯಿಂದ ಜಲ್ಲೆ ಕಿತ್ತುಕೊಂಡ.

"ನಾನೇ ಸ್ವಾಮಿ. ಮುದಿ ಕಣ್ಣು, ದೋಣಿ ಅಂದ್ಕೊಂಡೆ."

"ದೋಣಿಗೆ ರೆಕ್ಕೆ ಇರುತ್ತೇನಯ್ಯಾ?"

"ಬಾತುಕೋಳಿಗೂ ಇರುತ್ತೆ. ಅದನ್ನೂ ತಳ್ಳಿದೀನಿ."

ಮೇಸ್ತ್ರಿ ನಗಲಿಲ್ಲ. ಅಂದೇ ಮಾಮನನ್ನು ಕೆಲಸದಿಂದ ತೆಗೆದ. ದೋಣಿ ಬೇಕಿತ್ತು, ದೋಣಿಯವನು ಬೇಡವಾದ. ಚುಕ್ಕಾಣಿ ನನಗೆ ಕೊಟ್ಟರು. ಜಗಳಕ್ಕೆ ಸದಾ ತೆರೆದಿರುವ ನನ್ನ ಬಾಯಿ ಅವತ್ತು ತೆರೆಯಲಿಲ್ಲ.

"ಯಾಕೆ ಮಾಮ?" ಎಂದು ಆಮೇಲೆ ಕೇಳಿದೆ.

"ನಿನ್ನ ಡಬ್ಬಿಗೆ ಮನೇಲಿ ಇಬ್ರು ಕಾಯ್ತಾವ್ರೆ. ನನಗ್ಯಾರಿದಾರೆ? ಹೋಗು, ಸಾರು ಆರುತ್ತೆ."

ಡಿಸೆಂಬರಿನಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ಆ ವಿಮಾನಗಳು ನಿಂತವು. ನನ್ನನ್ನು ವಿಮಾನ ನಿಲ್ದಾಣದಲ್ಲಿ ಕಲ್ಲಿದ್ದಲು ಇಳಿಸಲು ಹಾಕಿದರು, ಊಟ ತಪ್ಪಲಿಲ್ಲ. ಜನವರಿಯಲ್ಲಿ ಮಗಳು ಹುಟ್ಟಿದಳು, ಟ್ರೌಟೆ ಗಟ್ಟಿಯಾಗಿದ್ದಳು. ಮಾಮ ಆ ಚಳಿಗಾಲವಿಡೀ ಒಣ ಆಲೂಗಡ್ಡೆ ಚೂರು ನೆನೆಸಿ ತಿಂದ.

ದಾರಿ ತೆರೆದ ಮೇಲೂ ಹೆಂಡದಂಗಡಿಯಲ್ಲಿ ಜನ ಅವನನ್ನು "ವಿಮಾನಕ್ಕೆ ತೂತು ಹೊಡೆದ ಪಾಗೆಲ್" ಎಂದೇ ಕರೆದು ನಗುತ್ತಿದ್ದರು. ಅವನೂ ನಗುತ್ತಿದ್ದ. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಅವನು ಸಾಯುವವರೆಗಿನ ಹತ್ತು ವರ್ಷದಲ್ಲಿ ಒಂದು ದಿನವೂ ಎದ್ದುನಿಂತು "ಅವನಲ್ಲ, ನಾನು" ಎನ್ನಲಿಲ್ಲ.