ಏಳನೆಯ ಬಗೆ

ಹಿಟ್ಟು ಎರಡು ಗಂಟೆ ಸುಮ್ಮನೆ ಕೂತಿರಬೇಕು. ಕಲಸಿದ ಕೂಡಲೇ ಅಚ್ಚು ಅದ್ದುವ ದುಡುಕಿನವರ ರೋಸೆಟ್‌ಗಳ, ಅಂದರೆ ಕೊಬ್ಬಿನಲ್ಲಿ ಕರಿದ ಹೂವಿನಾಕಾರದ ತಿಂಡಿಗಳ, ಮೈಮೇಲೆ ಸಿಡುಬೆದ್ದ ಹಾಗೆ ಗುಳ್ಳೆ ಏಳುತ್ತವೆ ಎಂದು ಓಡ್ನಿಯ ಅಜ್ಜಿ ಹೇಳುತ್ತಿದ್ದಳು. ಹಾಗಾಗಿ ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟಿನ ಎರಡನೆಯ ಭಾನುವಾರ, ಹೊರಗೆ ಕಡಲಿನ್ನೂ ಕಪ್ಪಗಿರುವಾಗಲೇ ಎದ್ದು, ಮೊಟ್ಟೆ, ಹಾಲು, ಮೈದಾ, ಸಕ್ಕರೆ, ಕುಟ್ಟಿದ ಏಲಕ್ಕಿ ಎಲ್ಲ ಕಲಸಿಟ್ಟು, ಓಡ್ನಿ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಹಿಟ್ಟು ಸುಮ್ಮನೆ ಕೂತಿತ್ತು. ಕೈ ಮಾತ್ರ ಕೂತಿರಲಿಲ್ಲ.

ಮೊದಲು ನಡುಗಿದ್ದು ಹೆಬ್ಬೆರಳು. ಏಪ್ರಿಲ್ ತಿಂಗಳಲ್ಲಿ, ಬರೀ ಹೆಬ್ಬೆರಳು, ಅದೂ ಸುಮ್ಮನೆ ಕೂತಾಗ ಮಾತ್ರ. ಜೂನ್ ಹೊತ್ತಿಗೆ ಇಡೀ ಕೈ. ಸೆಪ್ಟೆಂಬರಿನಲ್ಲಿ ಅವಳು ದ್ವೀಪದಿಂದ ದೋಣಿ ಹತ್ತಿ ಪಟ್ಟಣಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದಳು. ಆತ ಒಂದು ಕಾಯಿಲೆಯ ಹೆಸರು ಹೇಳಿ, ನಿಧಾನಕ್ಕೆ ಹೆಚ್ಚುತ್ತೆ, ಕಡಿಮೆ ಅಂತೂ ಆಗಲ್ಲ ಅಂದ. ಗಂಡ ಹಾಲ್ವಾರ್ಡ್‌ಗೆ ಉಲ್ಲನ್ ತರೋಕೆ ಹೋಗ್ತೀನಿ ಎಂದು ಹೇಳಿ ಹೊರಟಿದ್ದಳಲ್ಲ, ಸುಳ್ಳಾಗಬಾರದು ಎಂದು ವಾಪಸು ಬರುವಾಗ ನಾಲ್ಕು ಉಂಡೆ ಬೂದು ಉಲ್ಲನ್ ಕೊಂಡಳು. ಅದು ಇನ್ನೂ ಚೀಲದಲ್ಲೇ ಇದೆ. ಸೂಜಿ ಹಿಡಿದು ಹೆಣೆಯುವ ಕೈ ಎಲ್ಲಿ?

ಹೆಣಿಗೆ ಹೋದರೆ ಹೋಗಲಿ. ದ್ವೀಪದಲ್ಲಿ ಹೆಣೆಯುವ ಹೆಂಗಸರು ಬೇಕಾದಷ್ಟಿದ್ದಾರೆ. ಆದರೆ ರೋಸೆಟ್? ರೋಸೆಟ್ ಅಂದರೆ ಓಡ್ನಿ, ಓಡ್ನಿ ಅಂದರೆ ರೋಸೆಟ್! ಮಧ್ಯಾಹ್ನ ಎರಡು ಗಂಟೆಗೆ ಹೊಲಿಗೆ ಸಂಘದ ಐದು ಜನ ಕಾಫಿಗೆ ಬರುತ್ತಾರೆ. ಮೂವತ್ತೇಳು ವರ್ಷಗಳಿಂದ ಈ ಭಾನುವಾರ ಇಲ್ಲೇ ಬರುತ್ತಾರೆ. ಕ್ರಿಸ್‌ಮಸ್ಸಿಗೆ ಮನೆಯಲ್ಲಿ ಏಳು ಬಗೆ ತಿಂಡಿ ಇರಬೇಕು, ಆರಿದ್ದರೆ ಆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ. ಆರು ಬಗೆ ಆಗಲೇ ಡಬ್ಬಿಗಳಲ್ಲಿ ಇವೆ. ಅವನ್ನು ಲಟ್ಟಿಸಿ, ಒತ್ತಿ, ಒಲೆಗೆ ತಳ್ಳಿದರೆ ಆಯಿತು, ನಡುಗುವ ಕೈಯೂ ಹೇಗೋ ಮಾಡುತ್ತದೆ. ಏಳನೆಯದು ಮಾತ್ರ ಕೂದಲೆಳೆಯಷ್ಟು ಅಲುಗಿದರೂ ಕ್ಷಮಿಸುವುದಿಲ್ಲ.

ಆ ಅಚ್ಚನ್ನು ಅವಳು ತಂದದ್ದು ಒಳನಾಡಿನ ಕಣಿವೆಯಿಂದ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮದುವೆಯಾಗಿ ಬಂದಾಗ. ಒಂದು ಪೆಟ್ಟಿಗೆ ಬಟ್ಟೆ, ಒಂದು ಬೈಬಲ್, ಹಳೆಯ ಫ್ಲಾನಲ್ ತುಂಡಿನಲ್ಲಿ ಸುತ್ತಿದ ಅಜ್ಜಿಯ ಅಚ್ಚು. ಉದ್ದ ಹಿಡಿಕೆ, ತುದಿಯಲ್ಲಿ ಎಂಟೆಸಳಿನ ಕಬ್ಬಿಣದ ಹೂವು. ಎಂಬತ್ತು ವರ್ಷ ಕೊಬ್ಬು ಕುಡಿದು ಕುಡಿದು ಅದು ಕಪ್ಪಗೆ, ರೇಷ್ಮೆಯಷ್ಟು ನುಣ್ಣಗೆ ಆಗಿತ್ತು. ಅಜ್ಜಿ ಕೊಡುವಾಗ ಒಂದೇ ಮಾತು ಹೇಳಿದ್ದಳು: "ಕಾಗದದಲ್ಲಿ ಒರೆಸು, ಅಷ್ಟೇ. ಸೋಪು ಮುಟ್ಟಿಸ್ಬೇಡ ಮಗಾ. ಸೋಪು ಮುಟ್ಟಿದ್ರೆ ಇದು ಎಲ್ಲಾನೂ ಮರ್ತುಬಿಡುತ್ತೆ."

ಮೀನು ಹಿಡಿಯುವವರ ಆ ಮನೆಯಲ್ಲಿ ಹೊಸ ಸೊಸೆಗೆ ಏನೂ ಬರುತ್ತಿರಲಿಲ್ಲ. ಬಲೆ ಹೊಲಿಯಲು ಬರದು, ಕಾಡ್ ಮೀನು ಸೀಳಲು ಬರದು, ದೋಣಿ ಹತ್ತಿದರೆ ವಾಂತಿ! "ಕಣಿವೆಯೋಳು, ಮೇಕೆ ಮೇಯಿಸ್ಕೊಂಡಿದ್ದೋಳು" ಎಂದು ಅತ್ತೆ ನೆರೆಯವರ ಮುಂದೆಯೇ ಅನ್ನುತ್ತಿದ್ದಳು. ಮೊದಲ ಡಿಸೆಂಬರಿನಲ್ಲಿ ಓಡ್ನಿ ಯಾರನ್ನೂ ಕೇಳದೆ ಕೊಬ್ಬು ಕಾಯಿಸಿ, ಒಂದೇ ಉಸಿರಿಗೆ ಅರವತ್ತು ರೋಸೆಟ್ ತೆಗೆದಳು. ಒಂದೊಂದೂ ಬೆಳಕಿಗೆ ಹಿಡಿದರೆ ಆಚೆ ಕಿಟಕಿ ಕಾಣುವಷ್ಟು ತೆಳು. ಅತ್ತೆ ಒಂದನ್ನು ಎತ್ತಿ, ತಿರುಗಿಸಿ, ಕಚ್ಚಿ, ಕಿಟಕಿಯಾಚೆ ನೋಡುತ್ತಾ ಅಂದಳು, "ಪರ್ವಾಗಿಲ್ಲ." ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಯಾರಿಗೂ ಕೊಟ್ಟಿರಲಿಲ್ಲ. ಓಡ್ನಿ ಅಂದು ಕೊಟ್ಟಿಗೆಗೆ ಹೋಗಿ ಹಸುವಿನ ಕುತ್ತಿಗೆ ತಬ್ಬಿಕೊಂಡು ನಕ್ಕಿದ್ದಳು.

ಮಕ್ಕಳಾಗಲಿಲ್ಲ. ಸಂಘದಲ್ಲಿ ಉಳಿದವರು ಮಕ್ಕಳ, ಮೊಮ್ಮಕ್ಕಳ ಮಾತಾಡುವಾಗ ಅವಳು ಕಾಫಿ ಬಗ್ಗಿಸುತ್ತಿದ್ದಳು. ಆದರೆ ಅವರ ಮಕ್ಕಳ ನಾಮಕರಣಕ್ಕೆ, ಮದುವೆಗೆ, ಮುದುಕರನ್ನು ಮಣ್ಣು ಮಾಡಿ ಬಂದ ಮೇಲಿನ ಕಾಫಿಗೆ, ಎಲ್ಲಕ್ಕೂ ಬರುತ್ತಿದ್ದದ್ದು ಓಡ್ನಿಯ ರೋಸೆಟ್. ದ್ವೀಪದಲ್ಲಿ ಅದಿಲ್ಲದೆ ಯಾರೂ ಹುಟ್ಟಲಿಲ್ಲ, ಅದಿಲ್ಲದೆ ಯಾರೂ ಸಾಯಲಿಲ್ಲ.

ಪಕ್ಕದ ಮನೆಯ ಮಾಗ್ನಿಲ್ಡ್‌ಗೆ ಅದೇ ಹೊಟ್ಟೆಯುರಿ. ದಪ್ಪ ದನಿಯ, ದಪ್ಪ ಮಣಿಕಟ್ಟಿನ ಹೆಂಗಸು. ಕಾಫಿಗೆ ಬಂದಾಗ ಸಂಘದ ಬೇರೆಯವರು ತಟ್ಟೆಗಳನ್ನು ಕಣ್ಣಲ್ಲೇ ಎಣಿಸಿದರೆ, ಅವಳು ಬೆರಳೆತ್ತಿ ಜೋರಾಗಿ ಎಣಿಸುತ್ತಿದ್ದಳು.

"ನಾಕು, ಐದು, ಆರು... ಆಹಾ, ಏಳು! ಬಚಾವಾದೆ ಕಣೇ ಓಡ್ನಿ. ಇಲ್ದಿದ್ರೆ ಪಾದ್ರಿಗಳಿಗೆ ದೂರು ಹೇಳಬೇಕಂತಿದ್ದೆ."

"ಹೇಳು ಹೋಗು. ಅವರೂ ಇಲ್ಲಿಗೇ ತಿನ್ನೋಕೆ ಬರ್ತಾರೆ."

"ನೀ ಸತ್ತ ಮೇಲೆ ಆ ಅಚ್ಚು ನಂಗೆ, ನೆನಪಿಟ್ಕೋ."

"ನಿಂಗೆ ಕೊಡಬಾರ್ದು ಅಂತಾನೇ ಬದುಕಿರ್ತೀನಿ ಬಿಡೇ."

ಪ್ರತಿ ವರ್ಷ ಇದೇ ಮಾತು, ಪ್ರತಿ ವರ್ಷ ಹೊಸದೆಂಬಂತೆ ನಗು. ಆ ನಗುವಿಗೇ ಓಡ್ನಿ ಇಡೀ ವರ್ಷ ಕಾಯುತ್ತಿದ್ದಳು ಎಂದು ಮಾಗ್ನಿಲ್ಡ್‌ಗೆ ಗೊತ್ತಿರಲಿಲ್ಲ.

ಒಂಬತ್ತೂವರೆಗೆ ಕಡಲ ಮೇಲೆ ತೆಳ್ಳಗೆ ಬೂದು ಬೆಳಕು ಬಂತು. ಹಾಲ್ವಾರ್ಡ್ ದೋಣಿಮನೆಗೆ ಹೋಗಿದ್ದ. ಓಡ್ನಿ ಕೊಬ್ಬು ಕಾಯಿಸಿದಳು, ಅಚ್ಚನ್ನು ಅದರಲ್ಲೇ ಮುಳುಗಿಸಿ ಬಿಸಿ ಮಾಡಿದಳು, ಕಾಗದಕ್ಕೆ ಒಮ್ಮೆ ಒತ್ತಿ ಹಿಟ್ಟಿನ ಬಟ್ಟಲಿನ ಮೇಲೆ ತಂದಳು. ಇಲ್ಲೇ ಇರುವುದು ಎಲ್ಲ. ಅಚ್ಚಿನ ಹೂವು ಅಂಚಿನವರೆಗೆ ಹಿಟ್ಟಿನಲ್ಲಿ ಇಳಿಯಬೇಕು, ಅಂಚು ದಾಟಬಾರದು. ದಾಟಿತೋ, ಹಿಟ್ಟು ಮೇಲಿನಿಂದಲೂ ಅಚ್ಚನ್ನು ತಬ್ಬಿಕೊಳ್ಳುತ್ತದೆ. ಆಮೇಲೆ ಕೊಬ್ಬಿನಲ್ಲಿ ಎಷ್ಟು ಬೆಂದರೂ ಹೂವು ಕಳಚುವುದಿಲ್ಲ.

ಮೊದಲನೆಯದು ಕಳಚಲಿಲ್ಲ. ಮೊದಲನೆಯದು ಯಾವಾಗಲೂ ಹಾಗೇ, ಎಂದುಕೊಂಡಳು. ಎರಡನೆಯದಕ್ಕೆ ಉಸಿರು ಬಿಗಿಹಿಡಿದಳು. ಕೈ ಇನ್ನೂ ಜಾಸ್ತಿ ನಡುಗಿ, ಅಚ್ಚು ಬಟ್ಟಲಿನ ಅಂಚಿಗೆ ಟಕಟಕ ಬಡಿಯಿತು. ಮೂರನೆಯದಕ್ಕೆ ಮೊಣಕೈಯನ್ನು ಮೇಜಿಗೆ ಊರಿದಳು. ನಾಲ್ಕನೆಯದಕ್ಕೆ ಎಡಗೈ. ಎಡಗೈ ನಡುಗುವುದಿಲ್ಲ, ಆದರೆ ಅದಕ್ಕೆ ಏನೂ ಗೊತ್ತಿಲ್ಲ. ಅದು ಅಚ್ಚನ್ನು ಸೌಟಿನ ಹಾಗೆ ಮುಳುಗಿಸಿಬಿಟ್ಟಿತು. ಫೋರ್ಕಿನಲ್ಲಿ ಕೆರೆದು, ಒಡೆದು, ಒರೆಸಿ, ಮತ್ತೆ ಬಿಸಿ ಮಾಡಿ, ಮತ್ತೆ ಅದ್ದಿ, ಮತ್ತೆ ಕೆರೆದು... ಹನ್ನೊಂದು ಗಂಟೆಗೆ ಮೇಜಿನ ಮೇಲೆ ಒಡೆದ ಎಸಳುಗಳ ಗುಡ್ಡೆಯೇ ಇತ್ತು. ಬಟ್ಟಲಲ್ಲಿ ಹಿಟ್ಟು ಅರ್ಧಕ್ಕಿಂತ ಕೆಳಗಿಳಿದಿತ್ತು.

"ಅಲ್ಲಾಡಬೇಡ," ಎಂದು ಅವಳು ತನ್ನ ಕೈಗೆ ಹೇಳಿದಳು, ತುಂಟ ಕರುವಿಗೆ ಹೇಳುವ ಹಾಗೆ. "ದಮ್ಮಯ್ಯ, ಇವತ್ತೊಂದಿನ ಅಲ್ಲಾಡಬೇಡ."

ಬಾಗಿಲು ತೆರೆದು ಹಾಲ್ವಾರ್ಡ್ ಒಳಗೆ ಬಂದ. ಬೂಟು ಕಳಚಿದವನು ಮೇಜು ನೋಡಿದ, ಒಲೆ ನೋಡಿದ, ಹೆಂಡತಿಯನ್ನು ನೋಡಲಿಲ್ಲ.

"ಮೊಟ್ಟೆ ಸರಿ ಇಲ್ಲ ಈ ಸಲ," ಎಂದಳು ಓಡ್ನಿ.

"ಹೌದೇನೋ," ಎಂದ ಅವನು. ಬೂಟನ್ನು ಗೋಡೆಯ ಪಕ್ಕಕ್ಕೆ ಸರಿಸಿ, "ಬೇಸಿಗೆಯಿಂದ ಕಾಫೀನೂ ಅರ್ಧ ಲೋಟಾನೇ ಬಗ್ಗಿಸ್ತಿದೀಯ."

ಹಾಗಾದರೆ ಅವನಿಗೆ ಗೊತ್ತಿತ್ತು. ಭಾರದ ಪಾತ್ರೆಗಳೆಲ್ಲ ಅಕ್ಟೋಬರಿನಲ್ಲಿ ಮೇಲಿನ ಕಪಾಟಿನಿಂದ ಕೆಳಗಿನದಕ್ಕೆ ಬಂದದ್ದು ತಮ್ಮಷ್ಟಕ್ಕೆ ಅಲ್ಲ.

"ಉಲ್ಲನ್ ತರೋಕೆ ಹೋದಾಗ ಏನಂದ್ರು?" ಎಂದು ಕೇಳಿದ.

"ಹೆಚ್ಚುತ್ತೆ ಅಂದ್ರು."

ಹಾಲ್ವಾರ್ಡ್ ತಲೆಯಾಡಿಸಿದ. ನಂತರ ಅಂಗಿಯ ತೋಳು ಮಡಚಿ, ಅವಳ ಹಿಂದೆ ನಿಂತು, ಹಗ್ಗ ಎಳೆದು ಎಳೆದು ಮರಗಟ್ಟಿದ ತನ್ನ ಎರಡೂ ಕೈಗಳಲ್ಲಿ ಅವಳ ಮಣಿಕಟ್ಟು ಹಿಡಿದ. "ಹೇಳು. ಎಷ್ಟು ಇಳಿಸ್ಬೇಕು?"

"ಇಷ್ಟೇ. ಸಾಕು. ಸಾಕು ಅಂದ್ರೆ ಸಾಕು ಕಣ್ರೀ! ಲಂಗರು ಇಳಿಸ್ತಿದೀರೇನು?"

ಒಂದು ಹೋಯಿತು. ಇನ್ನೊಂದು ಹೋಯಿತು. ಅವನು ಗಟ್ಟಿ ಹಿಡಿದಷ್ಟೂ ನಡುಕ ಅವನ ಕೈಯೊಳಗೂ ಏರಿ ಬರುತ್ತಿತ್ತು. ಬಿಸಿ ಕೊಬ್ಬು ಸಿಡಿದು ಅವನ ಮುಂಗೈ ಸುಟ್ಟಿತು. ಅವನು ಬಿಡಲಿಲ್ಲ. ಬಟ್ಟಲ ತಳ ಕೆರೆದು ತೆಗೆದ ಕೊನೆಯ ಹಿಟ್ಟಿಗೆ ಇಬ್ಬರೂ ಒಟ್ಟಿಗೆ ಉಸಿರು ನಿಲ್ಲಿಸಿದರು. ಅಚ್ಚು ಇಳಿಯಿತು, ನಿಂತಿತು, ಎದ್ದಿತು, ಕೊಬ್ಬಿಗೆ ಹೋಯಿತು. ಒಂದು, ಎರಡು, ಮೂರು... ಹೂವು ತಾನೇ ತಾನಾಗಿ ಕಳಚಿ, ಎಂಟೂ ಎಸಳು ಬಿಚ್ಚಿ ತೇಲಿಬಂತು. ಎಷ್ಟು ಚೆಂದ! ಇಷ್ಟು ವರ್ಷ ಮಾಡಿದ ಸಾವಿರಾರರಲ್ಲಿ ಒಂದೂ ಇಷ್ಟು ಚೆಂದ ಕಂಡಿರಲಿಲ್ಲ.

ಮತ್ತೆ ಕಲಸೋಣ ಎಂದರೆ ಮನೆಯಲ್ಲಿ ಮೊಟ್ಟೆ ಇರಲಿಲ್ಲ. ಭಾನುವಾರ ಅಂಗಡಿ ಇಲ್ಲ. ಮೊಟ್ಟೆ ಕೇಳುವುದಾದರೆ ಮಾಗ್ನಿಲ್ಡ್‌ಳನ್ನೇ ಕೇಳಬೇಕು. ಓಡ್ನಿ ಅದೊಂದನ್ನೇ ಎಲ್ಲಕ್ಕಿಂತ ದೊಡ್ಡ ಗಾಜಿನ ತಟ್ಟೆಯ ನಡುವೆ ಇಟ್ಟು, ಮೇಲೆ ಸಕ್ಕರೆ ಪುಡಿ ಉದುರಿಸಿದಳು. ಸಕ್ಕರೆ ತಟ್ಟೆಗಿಂತ ಮೇಜಿನ ಮೇಲೆ ಜಾಸ್ತಿ ಬಿತ್ತು.

ಎರಡು ಗಂಟೆಗೆ ಐವರೂ ಬಂದರು. ಎರಡನೆಯ ಭಾನುವಾರದ ಲೆಕ್ಕಕ್ಕೆ ಎರಡು ನೇರಳೆ ಮೇಣದಬತ್ತಿಗಳನ್ನು ಹಾಲ್ವಾರ್ಡ್ ಹಚ್ಚಿದ. ಕಾಫಿಯನ್ನೂ ಅವನೇ ಬಗ್ಗಿಸಿದ. ಗಂಡಸು ಕಾಫಿ ಬಗ್ಗಿಸುವುದು ಕಂಡು ಯಾರಾದರೂ ನಗುತ್ತಾರೆ ಎಂದು ಓಡ್ನಿ ಕಾದಳು. ಯಾರೂ ನಗಲಿಲ್ಲ. ಆರು ತಟ್ಟೆ ಕೈಯಿಂದ ಕೈಗೆ ಸುತ್ತಿದವು. ಏಳನೆಯದು ಮೇಜಿನ ನಡುವೆಯೇ ನಿಂತಿತು.

ಅದನ್ನು ಮುಟ್ಟುವವರು ಯಾರು? ತಟ್ಟೆಯಲ್ಲಿ ಉಳಿದ ಕೊನೆಯದನ್ನು ಮರ್ಯಾದಸ್ಥರು ಯಾರೂ ಎತ್ತುವುದಿಲ್ಲ. ಆಲೂಗಡ್ಡೆಯಾದರೂ ಅಷ್ಟೇ, ಕೇಕಾದರೂ ಅಷ್ಟೇ, ಮನೆಯವರು ಮೂರು ಸಲ ಬೇಡಿಕೊಂಡರೂ ಅಷ್ಟೇ. ಮತ್ತೆ ಈ ರೋಸೆಟ್ ಹುಟ್ಟಿದಾಗಿನಿಂದಲೇ ಕೊನೆಯದು! ಓಡ್ನಿಗೆ ಇದು ಹೊಳೆದದ್ದು ಈಗ, ಎಲ್ಲರ ಕಣ್ಣು ಅದರ ಸುತ್ತ ಬಳಸಿಕೊಂಡು ಹೋಗುವುದನ್ನು ನೋಡಿದಾಗ. ಅವರು ಹವಾಮಾನದ ಮಾತಾಡಿದರು, ಪಾದ್ರಿಯ ಕೆಮ್ಮಿನ ಮಾತಾಡಿದರು. ಅವಳ ಕೈ ಎಲ್ಲಿದೆ ಎಂದು ಯಾರೂ ನೋಡಲಿಲ್ಲ. ಮೇಜಿನ ಕೆಳಗೆ, ಏಪ್ರನ್ನಿನ ಜೇಬಿನಲ್ಲಿ ಅದು ಸಿಕ್ಕಿಬಿದ್ದ ಮೀನಿನ ಹಾಗೆ ಬಡಿದುಕೊಳ್ಳುತ್ತಿತ್ತು.

ಈಗ ಎಣಿಸುತ್ತಾಳೆ ಮಾಗ್ನಿಲ್ಡ್. ಈಗ ಬೆರಳೆತ್ತುತ್ತಾಳೆ. ಆರೂಕಾಲು ಕಣೇ, ಏಳಲ್ಲ, ಎನ್ನುತ್ತಾಳೆ. ಅದಕ್ಕೆ ಓಡ್ನಿ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದಳು: ಉಳಿದದ್ದೆಲ್ಲ ನಿನ್ನ ಕಣ್ಣು ಬಿದ್ದು ಒಡೆದುಹೋಯ್ತು. ಒಂದೇ ಒಂದು ಚುಚ್ಚುಮಾತು ಸಾಕಿತ್ತು. ಚುಚ್ಚಿದರೆ ತಾನಿನ್ನೂ ಚುಚ್ಚಿಸಿಕೊಳ್ಳುವವರ ಸಾಲಿನಲ್ಲಿ ಇದ್ದೇನೆ ಎಂದು ಅರ್ಥ.

ಮಾಗ್ನಿಲ್ಡ್ ಕಾಫಿ ಮುಗಿಸಿದಳು. ಬೆಣ್ಣೆ ಬಿಸ್ಕತ್ತು ಇನ್ನೊಂದು ತಗೊಂಡಳು. "ಇದು ತುಂಬಾ ಚೆನ್ನಾಗಿದೆ ಓಡ್ನಿ," ಎಂದಳು, ಆಸ್ಪತ್ರೆಯಲ್ಲಿ ಮಾತಾಡುವ ಮೆತ್ತನೆಯ ದನಿಯಲ್ಲಿ.

ಉಳಿದವರು ಹೊರಟ ಮೇಲೆ ಬಾಗಿಲ ಬಳಿ ಓಡ್ನಿಯೇ ಅವಳ ತೋಳು ಹಿಡಿದಳು. "ಎಣಿಸಲಿಲ್ವಲ್ಲೇ ಈ ಸಲ."

"ಎಣಿಸ್ದೆನಲ್ಲ."

"ಎಷ್ಟು?"

ಮಾಗ್ನಿಲ್ಡ್ ಕೋಟಿನ ಗುಂಡಿಯನ್ನು ನೋಡಿದಳು. "ಏಳು ಕಣೇ. ಏಳೇ ಇತ್ತು."

"ಅಚ್ಚು ಬೇಕೇನೇ? ಮೂವತ್ತು ವರ್ಷದಿಂದ ಕೇಳ್ತಿದೀಯ. ತಗೊಂಡು ಹೋಗು."

"ಅಯ್ಯೋ, ಬೇಡ, ಬೇಡ! ಸುಮ್ನೆ ತಮಾಷೆಗೆ ಕೇಳ್ತಿದ್ದೆ. ನಿನ್ ಹತ್ರಾನೇ ಇರ್ಲಿ," ಎಂದು ಮಾಗ್ನಿಲ್ಡ್ ಓಡ್ನಿಯ ಕೆನ್ನೆ ತಟ್ಟಿದಳು. ಅವಳು ಹಾಗೆ ಮುಟ್ಟಿದ್ದು ಅದೇ ಮೊದಲು. ಆಮೇಲೆ ಹಿಮದಲ್ಲಿ ಬೇಗಬೇಗ ಹೆಜ್ಜೆ ಹಾಕುತ್ತಾ, ಒಮ್ಮೆಯೂ ತಿರುಗದೆ ತನ್ನ ಮನೆ ಸೇರಿಕೊಂಡಳು.

ಓಡ್ನಿ ಅಡುಗೆಮನೆಗೆ ಬಂದಳು. ಮೇಜಿನ ಮೇಲೆ ರೋಸೆಟ್ ಹಾಗೇ ಇತ್ತು, ಎಂಟೂ ಎಸಳು ಬಿಚ್ಚಿ. ಹಾಲ್ವಾರ್ಡ್ ಲೋಟಗಳನ್ನು ಜೋಡಿಸುತ್ತಿದ್ದ. ಅವಳು ಪಾತ್ರೆ ತೊಳೆಯುವ ತೊಟ್ಟಿಗೆ ಬಿಸಿನೀರು ಬಿಟ್ಟಳು, ಸೋಪು ಸುರಿದಳು, ನೊರೆ ಏಳುವವರೆಗೆ ನಿಂತಳು. ಒಲೆಯ ಪಕ್ಕದಿಂದ ಅಚ್ಚನ್ನು ತೆಗೆದಳು.

"ಓಡ್ನಿ, ಅದಕ್ಕೆ ಸೋಪು ಹಾಕಬಾರ್ದು," ಎಂದ ಹಾಲ್ವಾರ್ಡ್.

"ಗೊತ್ತು."

ನೊರೆಯೊಳಗೆ ಮುಳುಗಿಸಿ, ಒರಟು ಬ್ರಷ್ಷಿನಿಂದ ಉಜ್ಜಿದಳು. ಒಂದೊಂದೇ ಎಸಳು, ಒಳಗೆ, ಹೊರಗೆ, ಸಂದಿಯಲ್ಲಿ. ಉಜ್ಜುವುದಕ್ಕೆ ನಡುಗುವ ಕೈ ಎಷ್ಟು ಚೆನ್ನಾಗಿ ಒಗ್ಗುತ್ತದೆ! ನೀರು ಕಂದಾಯಿತು, ಆಮೇಲೆ ಕಪ್ಪಾಯಿತು. ಅವಳು ಮತ್ತೆ ಸೋಪು ಹಾಕಿದಳು. ಅಜ್ಜಿಯ ಕೊಬ್ಬು, ತನ್ನ ಮೂವತ್ತೇಳು ಡಿಸೆಂಬರುಗಳ ಕೊಬ್ಬು, ನಾಮಕರಣದ್ದು, ಮದುವೆಯದ್ದು, ಸಾವಿನದ್ದು, ಎಲ್ಲ ತೊಟ್ಟಿಯ ತೂತಿನಲ್ಲಿ ಸುತ್ತಿ ಸುತ್ತಿ ಇಳಿಯಿತು. ಎತ್ತಿ ಹಿಡಿದಾಗ ಅಚ್ಚು ಈಗಷ್ಟೇ ಅಂಗಡಿಯಿಂದ ತಂದದ್ದರಂತೆ ಬೂದು ಬಣ್ಣಕ್ಕೆ ತಿರುಗಿತ್ತು. ಅವಳ ಕೈಯಲ್ಲಿ ಅದು ನಡುಗಿ, ತೊಟ್ಟಿಯ ಅಂಚಿಗೆ ಟಕಟಕ ಬಡಿಯುತ್ತಲೇ ಇತ್ತು. ಹಾಲ್ವಾರ್ಡ್ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅವಳು ಅಚ್ಚನ್ನು ಅವನಿಗೆ ಕೊಡಲಿಲ್ಲ. ಹಾಗೆಯೇ, ಒದ್ದೆಯಾಗಿಯೇ, ತುಕ್ಕು ಹಿಡಿಯಲೆಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು.